ನಕ್ಕರೆ ಒದ್ದೆಯಾಗುವವಳಿಗೆ

ಅಂಗಡಿಯ ಹಿಂದಿನ ಕೋಣೆ,
ಶನಿವಾರ, ಹದಿನಾರನೇ ತಾರೀಖು, ಮಧ್ಯಾಹ್ನ ಮೂರು ಗಂಟೆ

ನಮ್ಮ ಮನೆಯವಳಿಗೆ,

ನಿನ್ನನ್ನು ಏನಂತ ಕರೆದು ಶುರು ಮಾಡಬೇಕು ಅನ್ನುವುದರಲ್ಲೇ ಅರ್ಧ ಗಂಟೆ ಹೋಯಿತು. ಮೂವತ್ತಾರು ವರ್ಷ ‘ಇವಳೇ’ ಅಂತ ಕೂಗಿಯೇ ಸಂಸಾರ ಮಾಡಿದವನಿಗೆ ಕಾಗದದ ಮೇಲೆ ಕೂಗುವುದು ಹೇಗೆ ಅಂತ ಗೊತ್ತಿಲ್ಲ. ‘ಪ್ರೀತಿಯ’ ಅಂತ ಹಾಕಿದರೆ ನೀನು ಮಗಳನ್ನು ಕರೆದು ತೋರಿಸಿ ನಗುತ್ತೀಯ, ನಕ್ಕರೆ ನಿನ್ನ ಗತಿ ಏನಾಗುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತು. ನೋಡು, ಮೂರನೇ ಸಾಲಿಗೇ ಶುರುವಾಯಿತು ನನ್ನದು. ಹೊಡೆದು ಹಾಕೋಣ ಅಂದುಕೊಂಡೆ. ಆದರೆ ನೀನು ಹೊಡೆದು ಹಾಕಿದ್ದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಮೊದಲು ಓದುವ ಜಾತಿ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಮಂಡಿ ಹೇಗಿದೆ? ಎಡಗಣ್ಣಿನ ಪೊರೆ ತೆಗೆಸಿದೆಯಂತೆ, ಮಗಳು ಹೇಳಿದಳು. ಈಗ ಸೂಜಿಗೆ ದಾರ ಪೋಣಿಸಲು ಬರುತ್ತದೋ, ಇಲ್ಲ ಮೊದಲಿನ ಹಾಗೆ ನಾಲಿಗೆ ಹೊರಗೆ ಹಾಕಿಕೊಂಡು ಹತ್ತು ಸಲ ತಡಕಾಡುತ್ತೀಯೋ? ಮಗಳ ಮನೆಯ ನೆಲ ಗಾಜಿನಂತೆ ನುಣುಪು, ಒದ್ದೆ ಕಾಲಲ್ಲಿ ಓಡಾಡಬೇಡ. ಮೊಮ್ಮಗಳ ಕೆಮ್ಮು ವಾಸಿಯಾಯಿತೇ? ಇಲ್ಲಿ ನನಗೇನೂ ಆಗಿಲ್ಲ, ಕತ್ತು ಮುರಿದುಕೊಂಡು ಬಿದ್ದಿಲ್ಲ, ಮೂರು ಹೊತ್ತು ಬೇಯಿಸಿಕೊಂಡು ತಿನ್ನುತ್ತಿದ್ದೇನೆ. ರುಚಿಯ ಮಾತು ಬೇಡ.

ಈ ಕಾಗದ ಯಾಕೆ ಅಂತ ನಿನಗೆ ಗೊತ್ತು. ಹೋದ ತಿಂಗಳು ಮಗಳು ಫೋನಿನಲ್ಲಿ ನಿನ್ನ ಶರತ್ತು ಓದಿ ಹೇಳಿದಳು, ಕೋರ್ಟಿನ ನೋಟೀಸಿನಂತೆ: ‘ಅವರ ಸ್ವಂತ ಕೈಬರಹದಲ್ಲಿ ತಪ್ಪಾಯಿತು ಅಂತ ಬರಲಿ, ಮಾರನೇ ದಿನವೇ ಅಳಿಯಂದಿರ ಕಾರಿನಲ್ಲಿ ಬಂದುಬಿಡ್ತೀನಿ. ಫೋನಿನಲ್ಲಿ ಅಂದರೆ ಬೇಡ, ನಾಳೆ ಇಲ್ಲ ಅಂತಾರೆ.’ ನಾಲ್ಕು ದಿನಕ್ಕೆ ಅಂತ ಹೋದವಳು ಏಳು ತಿಂಗಳಾಯಿತು. ಕಾರಣ ಏನು? ಒಂದು ತಮಾಷೆ. ಮಗಳ ಹೊಸ ಮನೆಯಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದರು, ಬೀಗಿತ್ತಿ ಏನೋ ಹೇಳಿದರು, ನೀನು ನಕ್ಕೆ, ನಕ್ಕು ಫಕ್ಕನೆ ನಿಲ್ಲಿಸಿ ಕುರ್ಚಿಯ ಅಂಚಿಗೆ ಸರಿದೆ. ನಾನು ಅಂದೆ, ‘ನಮ್ಮ ನಲ್ಲಿಗೆ ವಾಷರ್ ಹೋಗಿ ಎಷ್ಟೋ ಕಾಲವಾಯ್ತು, ನಗಿಸಬೇಡಿ, ನಿಮ್ಮ ಹೊಸ ಕುರ್ಚಿ ಹಾಳಾಗುತ್ತೆ.’ ಬೀಗರು ಬಿದ್ದು ಬಿದ್ದು ನಕ್ಕರು. ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು, ಯಾವತ್ತೂ ಹುಸಿ ಹೋಗಿಲ್ಲ. ನೀನು ಎದ್ದು ಒಳಗೆ ಹೋದೆ. ಬಟ್ಟೆ ಬದಲಾಯಿಸಲು ಹೋದೆ ಅಂತ ನಾನು ಇನ್ನೊಂದು ಸೇರಿಸಿದೆ. ಆಮೇಲೆ ಗೊತ್ತಾಯಿತು, ನೀನು ಬಟ್ಟೆ ಬದಲಾಯಿಸಲಿಲ್ಲ, ವಾಪಸು ಹೊರಡಲು ಕಾರಿಗೆ ಏರಿಸಿದ್ದ ನಿನ್ನ ಪೆಟ್ಟಿಗೆಯನ್ನು ಇಳಿಸಿಕೊಂಡೆ.

ನನ್ನ ಆಪರೇಷನ್ನಿಗೂ ನೀನು ಬರಲಿಲ್ಲ. ಬೇರೆ ಹೆಂಡತಿಯರು ಜಗಳವಾಡಿದರೂ ಅಂಥ ಹೊತ್ತಿಗೆ ಬಂದು ಮೂಗು ಒರೆಸಿಕೊಂಡು ಮಂಚದ ಪಕ್ಕ ಕೂರುತ್ತಾರೆ. ನೀನು ಮಗಳ ಕೈಯಲ್ಲಿ ಎರಡು ಟವೆಲ್ಲು ಕಳಿಸಿದೆ. ಪ್ರಾಸ್ಟೇಟ್ ತೆಗೆದ ಡಾಕ್ಟರು ಒಳ್ಳೆಯ ಕೈಯವರು, ಗೆಡ್ಡೆ ಪೂರ್ತಿ ಹೋಯಿತು ಅಂದರು, ಹೊಲಿಗೆಯನ್ನೂ ನಾನು ಕನ್ನಡಿಯಲ್ಲಿ ನೋಡಿಕೊಂಡೆ, ನನ್ನಷ್ಟು ನೇರ ಅಲ್ಲದಿದ್ದರೂ ಪರವಾಗಿಲ್ಲ. ಹತ್ತು ದಿನ ಕೊಳವೆ ಇತ್ತು. ಕೊಳವೆ ತೆಗೆದ ದಿನ ನರ್ಸು ಎದ್ದು ನಿಲ್ಲಿ ಅಂದರು. ಎದ್ದು ನಿಂತೆ. ನಿಂತವನ ಚಪ್ಪಲಿಯವರೆಗೆ ಬೆಚ್ಚಗೆ ಇಳಿದುಬಂತು. ನಾನು ಬಿಟ್ಟಿದ್ದಲ್ಲ, ತಾನಾಗಿ ಹೋಯಿತು. ನರ್ಸು ಒರೆಸುತ್ತ, ‘ಇದು ಎಲ್ಲರಿಗೂ ಆಗುತ್ತೆ ಅಜ್ಜ, ಫಿಸಿಯೋಥೆರಪಿಗೆ ಚೀಟಿ ಕೊಡ್ತೀವಿ’ ಅಂದಳು. ಅಜ್ಜ ಅಂದಿದ್ದಕ್ಕೆ ಜಾಸ್ತಿ ಸಿಟ್ಟು ಬಂತು. ಈ ಸುದ್ದಿ ನಿನಗೆ ಮಗಳಿಂದ ಮುಟ್ಟಿರುತ್ತದೆ, ಕೇಳಿ ನಿನ್ನ ಹೊಟ್ಟೆ ತಣ್ಣಗಾಗಿರುತ್ತದೆ. ಆಗಲಿ ಬಿಡು. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದೆ.

ಚೀಟಿಯನ್ನು ನಾನು ಜೇಬಿಗೆ ಹಾಕಿಕೊಂಡು ಒಂದು ತಿಂಗಳು ಸುಮ್ಮನಿದ್ದೆ. ವ್ಯಾಯಾಮ ಮಾಡಿದರೆ ಇದು ನಿಲ್ಲುತ್ತದೆ ಅಂದರೆ ಯಾರು ನಂಬುತ್ತಾರೆ? ಅಂಗಡಿ ತೆರೆದೆ. ಕಪ್ಪು ಪ್ಯಾಂಟು ಮಾತ್ರ ಹಾಕಿಕೊಳ್ಳುತ್ತಿದ್ದೆ, ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ರೆಕ್ಸಿನ್ ಹಾಸಿಕೊಂಡಿದ್ದೆ. ಒಂದು ದಿನ ನಮ್ಮ ಎತ್ತರದ ವಕೀಲರು ಟ್ರಯಲ್ಲಿಗೆ ಬಂದರು. ನಾನು ಎಂದಿನಂತೆ ಮಂಡಿಯೂರಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಅವರ ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಕೆಮ್ಮು ಬಂತು. ಪಿನ್ನು ಗಂಟಲಿಗೆ ಹೋಗದಿರಲಿ ಅಂತ ಬಾಯಿ ಬಿಗಿಹಿಡಿದೆ, ಬಾಯಿ ಹಿಡಿದರೆ ಕೆಳಗೆ ಹಿಡಿಯುವವರು ಯಾರು? ವಕೀಲರ ಬೂಟಿನ ಪಕ್ಕ ಒಂದು ಅಂಗೈಯಗಲ ನೀರು. ಮೂವತ್ತು ವರ್ಷದ ಗಿರಾಕಿ. ಆ ಮನುಷ್ಯ ತಲೆಯೆತ್ತಿ ಫ್ಯಾನು ನೋಡುತ್ತ ನಿಂತರು, ನಾನು ಸೀಮೆಸುಣ್ಣ ಹುಡುಕುವವನ ಹಾಗೆ ಬಟ್ಟೆಯ ಚೂರು ಎಳೆದು ಒರೆಸಿದೆ. ಅವರು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಗಡಿಯ ಬೆಂಚಿನ ಮೇಲೆ ಕೂತು ನಿನ್ನ ನಲ್ಲಿಯ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಅವತ್ತು ಮರ್ಯಾದೆ ಹೋಯಿತು ಅಂದರೆ ಏನು ಅಂತ ನನಗೆ ಗೊತ್ತಾಯಿತು. ನಿನಗೆ ಅದು ದಿನಾ ಗೊತ್ತಿತ್ತು ಅನ್ನುವುದು ಆ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ನಿನ್ನ ಬಟ್ಟೆಗಳನ್ನು ಹುಡುಕಿ ತೆಗೆದೆ. ಅದೇ, ನಾನು ಹೊಲಿದು ಕೊಡುತ್ತಿದ್ದದ್ದು. ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆ ನಾಲ್ಕು ಪದರ, ನಡುವೆ ಹಳೆ ಟವೆಲ್ಲು, ಸುತ್ತ ಎರಡು ಸಾಲು ಹೊಲಿಗೆ. ಯಾವ ಗಂಡ ಹೆಂಡತಿಗೆ ಇಷ್ಟು ಮಾಡಿದ್ದಾನೆ ಅಂತ ನಾನು ಎದೆಯುಬ್ಬಿಸಿಕೊಂಡು ತಿರುಗಿದವನು. ವರ್ಷಕ್ಕೆ ಒಂದು ಡಜನ್, ತಪ್ಪದೆ, ನೀನು ಕೇಳುವ ಮೊದಲೇ. ಅಂಗಡಿಗೆ ಬಂದವರಿಗೂ ತೋರಿಸಿದ್ದೇನೆ, ಹೊಲಿಗೆ ಎಷ್ಟು ಗಟ್ಟಿ ನೋಡಿ ಅಂತ. ನಿನ್ನ ಅಳತೆಯದು ನನಗೆ ಬರಲಿಲ್ಲ, ಬೇರೆ ಕತ್ತರಿಸಬೇಕಾಯಿತು. ಹಾಕಿಕೊಂಡು ಎರಡು ದಿನ ಓಡಾಡಿದೆ. ಎರಡು ಸಾಲು ಹೊಲಿಗೆ ಇದೆಯಲ್ಲ, ಅದು ತೊಡೆಸಂದಿಯನ್ನು ಕೊಯ್ಯುತ್ತದೆ. ನಡೆದರೆ ಕೊಯ್ಯುತ್ತದೆ, ಕೂತರೆ ಇನ್ನೂ ಕೊಯ್ಯುತ್ತದೆ. ಮೂರನೇ ದಿನಕ್ಕೆ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತು. ನೀನು ಒಂದು ಸಲವೂ ಹೇಳಲಿಲ್ಲವಲ್ಲೇ! ಒಂದೇ ಸಾಲು ಹಾಕಿ ಅಂದಿದ್ದರೆ ಹಾಕುತ್ತಿರಲಿಲ್ಲವೇ? ಹಾಕುತ್ತಿರಲಿಲ್ಲ. ‘ಹೊಲಿಗೆಯ ವಿಷಯ ನನಗೆ ಹೇಳಿಕೊಡಬೇಡ’ ಅನ್ನುತ್ತಿದ್ದೆ. ಅದು ಗೊತ್ತಿದ್ದೇ ಹೇಳಲಿಲ್ಲ ಅನ್ನಿಸುತ್ತದೆ.

ಕೊನೆಗೆ ಚೀಟಿ ಹಿಡಿದುಕೊಂಡು ಹೋದೆ. ಆಸ್ಪತ್ರೆಯ ಹಿಂಭಾಗ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಬಾಗಿಲ ಮೇಲೆ ‘ಪೆಲ್ವಿಕ್ ಫ್ಲೋರ್’ ಅಂತ ಬೋರ್ಡು. ಹೊರಗೆ ಒಂಬತ್ತು ಕುರ್ಚಿ, ಎಂಟರಲ್ಲಿ ಹೆಂಗಸರು. ನಾನು ಹೆಂಡತಿಯನ್ನು ಕರೆದುಕೊಂಡು ಬಂದವನ ಮುಖ ಮಾಡಿಕೊಂಡು ಒಂಬತ್ತನೆಯದರಲ್ಲಿ ಕೂತೆ. ಪಕ್ಕದವಳು ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ ಬಂದಿದ್ದಳು. ಸೊಂಟದ ಹತ್ತಿರ ಹೊಲಿಗೆ ಬಿಟ್ಟಿತ್ತು, ಅದನ್ನೇ ನೋಡುತ್ತಿದ್ದೆ. ಅವಳಾಗಿಯೇ ಮಾತು ತೆಗೆದಳು. ಎರಡು ಹೆರಿಗೆ, ಆಮೇಲೆ ಬಸ್ಸು ಗುಂಡಿಗೆ ಇಳಿದಾಗೆಲ್ಲ ಒದ್ದೆ, ಕೆಲಸ ಬಿಡಬೇಕು ಅಂತ ಇದ್ದಳಂತೆ. ‘ಹನ್ನೊಂದನೇ ವಾರ ಇದು ಯಜಮಾನ್ರೇ, ಈಗ ಓಡೋ ಬಸ್ಸು ಹತ್ತುತೀನಿ’ ಅಂದಳು. ನಿಮ್ಮನೆಯವರಿಗೆ ಎಷ್ಟನೇ ವಾರ ಅಂತ ಕೇಳಿದಳು. ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು, ಎಂಟು ಹೆಂಗಸರೂ ತಿರುಗಿ ನೋಡಿದರು.

ಒಳಗಿದ್ದವಳು ಒಬ್ಬ ಹುಡುಗಿ, ನಮ್ಮ ಮಗಳಿಗಿಂತ ಚಿಕ್ಕವಳು. ವ್ಯಾಯಾಮ ಹೇಳಿಕೊಡುವವಳು ಅವಳೇ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ, ಅದರ ತಳದಲ್ಲಿ ಕೆಂಪು ಬಟ್ಟೆಯಂತೆ ಮಾಂಸಖಂಡ. ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ತೂಗುಹಾಸಿಗೆಯಂತೆ ಕಟ್ಟಿಕೊಂಡಿರುತ್ತದಂತೆ, ಮೂತ್ರಚೀಲ, ಕರುಳು, ಹೆಂಗಸರಿಗೆ ಗರ್ಭಕೋಶ, ಎಲ್ಲ ಅದರ ಮೇಲೆ. ಹೆರಿಗೆಯಲ್ಲಿ ಹಿಗ್ಗುತ್ತದೆ, ಆಪರೇಷನ್ನಿನಲ್ಲಿ ಪೆಟ್ಟು ತಿನ್ನುತ್ತದೆ, ಕಕ್ಕಸಿನಲ್ಲಿ ದಿನಾ ತಿಣುಕುವವರಿಗೂ ಸಡಿಲವಾಗುತ್ತದೆ. ಕೈಕಾಲಿನ ಮಾಂಸದ ಹಾಗೇ ಅದೂ, ಕಲಿಸಿದರೆ ಕಲಿಯುತ್ತದೆ. ಗಾಳಿ ಹೋಗದಂತೆ ಹಿಡಿದುಕೊಳ್ಳುತ್ತೀರಲ್ಲ, ಆ ಜಾಗವನ್ನು ಒಳಕ್ಕೆ, ಮೇಲಕ್ಕೆ ಎತ್ತಿ, ಐದು ಎಣಿಸಿ, ಪೂರ್ತಿ ಬಿಡಿ, ಮತ್ತೆ ಐದು ಎಣಿಸಿ ಅಂದಳು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೆಮ್ಮುವ ಮೊದಲು, ಏಳುವ ಮೊದಲು ಒಮ್ಮೆ ಬಿಗಿಹಿಡಿಯಬೇಕು. ಇಷ್ಟೇ ಅಂದರೆ ನಾನು ಬಿಡುತ್ತೇನೆಯೇ? ದಿನಕ್ಕೆ ಮುನ್ನೂರು ಮಾಡಿದೆ. ಯಂತ್ರದ ಪೆಡಲು ತುಳಿಯುತ್ತ ಒಂದೊಂದು ಹೊಲಿಗೆ ಸಾಲಿಗೆ ಒಂದೊಂದು. ಎರಡೇ ವಾರದಲ್ಲಿ ಸಂಜೆಯ ಹೊತ್ತಿಗೆ ಮೊದಲಿಗಿಂತ ಜಾಸ್ತಿ ಸುರಿಯತೊಡಗಿತು. ಹೋಗಿ ಕೂಗಾಡಿದೆ. ಮಾಡಿ ತೋರಿಸಿ ಅಂದಳು. ಮಾಡಿದೆ. ಅವಳು ನನ್ನ ಮುಖ ನೋಡಿ, ‘ನೀವು ಹಲ್ಲು ಕಚ್ಚುತ್ತಿದ್ದೀರಿ, ಉಸಿರು ಹಿಡಿದಿದ್ದೀರಿ, ಕುಂಡೆ ಬಿಗಿ ಮಾಡಿದ್ದೀರಿ, ಬೇಕಾದ್ದು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದೀರಿ’ ಅಂದಳು. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿದು ನಲವತ್ತೈದು ವರ್ಷ ಅಭ್ಯಾಸವಾದವನು ನಾನು, ಬಿಗಿ ಅಂದರೆ ಉಸಿರು ತಾನಾಗಿ ನಿಲ್ಲುತ್ತದೆ. ಬಿಡುವುದೂ ವ್ಯಾಯಾಮವೇ, ಬಿಡದಿದ್ದರೆ ಮಾಂಸ ದಣಿದು ಕೈಕೊಡುತ್ತದೆ ಅಂತ ಹೇಳಿದಳು. ಕೆಲವರಿಗೆ ಅದು ಮೊದಲೇ ಬಿಗಿಯಾಗಿರುತ್ತದಂತೆ, ಅಂಥವರು ಕಂಡವರ ಮಾತು ಕೇಳಿ ಹಿಂಡುತ್ತ ಕೂತರೆ ಇನ್ನೂ ಕೆಡುತ್ತದಂತೆ, ಅದಕ್ಕೇ ಮೊದಲು ಪರೀಕ್ಷೆ ಮಾಡಿಸಬೇಕು.

ಮೂರು ದಿನದ ಲೆಕ್ಕ ಬರೆದು ತನ್ನಿ ಅಂದಳು, ಎಷ್ಟು ಕುಡಿದಿರಿ, ಯಾವಾಗ ಹೋದಿರಿ, ಯಾವಾಗ ಸೋರಿತು. ಅಳತೆ ಪುಸ್ತಕದಲ್ಲೇ ಬರೆದೆ, ವಕೀಲರ ಸೊಂಟದಳತೆಯ ಕೆಳಗೆ. ಓದಿದವಳು ಹೌಹಾರಿದಳು. ದಿನಕ್ಕೆ ಎರಡೇ ಲೋಟ ನೀರು, ಹದಿನೇಳು ಸಲ ಬಚ್ಚಲು. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನೂ ಕೆರಳಿಸುತ್ತದೆ, ಬಾರದಿದ್ದರೂ ಮುಂಜಾಗ್ರತೆಗೆ ಅಂತ ಪದೇ ಪದೇ ಹೋದರೆ ಚೀಲ ಹಿಡಿದಿಡುವುದನ್ನೇ ಮರೆಯುತ್ತದೆ ಅಂದಳು. ಅವಳು ಹೇಳುತ್ತಿದ್ದಳು, ನನಗೆ ನನ್ನದೇ ದನಿ ಕೇಳುತ್ತಿತ್ತು. ‘ನಾಳೆ ಹೊರಡೋದಿದೆ, ಇವತ್ತಿಂದಲೇ ನೀರು ನಿಲ್ಲಿಸು.’ ‘ಇನ್ನೊಂದು ಸಲ ಹೋಗಿ ಬಾ, ಬಾರದಿದ್ದರೂ ಕೂತು ಬಾ.’ ನಾನು ನಿನಗೆ ಹೇಳಿದ್ದರಲ್ಲಿ ಒಂದಾದರೂ ಸರಿ ಇರಬೇಕಲ್ಲ ಅಂತ ಕೂತಲ್ಲೇ ಹುಡುಕಿದೆ, ಸಿಗಲಿಲ್ಲ. ನಿನ್ನ ತುಟಿ ಸದಾ ಒಡೆದಿರುತ್ತಿತ್ತು. ನಾನು ಅದನ್ನು ಚಳಿ ಅಂದುಕೊಂಡಿದ್ದೆ.

ಇನ್ನೊಂದು ಹೇಳಬೇಕು, ನಾಚಿಕೆ ಬಿಟ್ಟು ಹೇಳುತ್ತೇನೆ, ನೀನು ನನ್ನ ಹೆಂಡತಿ. ಒಳಗಿನಿಂದ ಪರೀಕ್ಷೆ ಮಾಡಬೇಕು ಅಂದಳು, ಕೈಗವಸು ಹಾಕಿದ ಬೆರಳಿನಲ್ಲಿ. ನಾನು ಕುರ್ಚಿ ಹಿಂದಕ್ಕೆ ತಳ್ಳಿದೆ. ಅವಳು ಗಡಿಬಿಡಿ ಮಾಡಲಿಲ್ಲ. ಏನು ಮಾಡುತ್ತೇನೆ, ಎಷ್ಟು ಹೊತ್ತು, ಯಾಕೆ, ಎಲ್ಲ ಹೇಳಿ, ‘ಬೇಡ ಅಂದರೆ ಬೇಡ, ಬೇರೆ ದಾರಿ ಇದೆ. ಒಪ್ಪಿದ ಮೇಲೂ ಯಾವ ಕ್ಷಣದಲ್ಲಿ ಸಾಕು ಅಂದರೂ ಅಲ್ಲೇ ನಿಲ್ಲಿಸ್ತೀನಿ’ ಅಂದಳು. ಪರದೆ ಎಳೆದು ಹೊರಗೆ ನಿಂತು, ಒಳಗೆ ಬರಲೇ ಅಂತ ಕೇಳಿ ಬಂದಳು. ಪರೀಕ್ಷೆಯ ನಡುವೆ ಎರಡು ಸಲ ಕೇಳಿದಳು, ಪರವಾಗಿಲ್ಲವೇ ಅಂತ. ಅರವತ್ತನಾಲ್ಕು ವರ್ಷದ ಗಂಡಸು ಗೋಡೆಗೆ ಮುಖ ಮಾಡಿ ಮಲಗಿ ಅತ್ತೆ. ನೋವಿಗಲ್ಲ, ನೋವೇನೂ ಇರಲಿಲ್ಲ. ಮೂವತ್ತಾರು ವರ್ಷ ಒಂದೇ ಮಂಚದಲ್ಲಿ ಮಲಗಿದ್ದೇವೆ, ನಾನು ನಿನ್ನನ್ನು ಪರವಾಗಿಲ್ಲವೇ ಅಂತ ಕೇಳಿದ್ದು ನೆನಪಿಲ್ಲ. ಹಾಸಿಗೆ ಒದ್ದೆಯಾದಾಗ ಏಳು ಅಂತ ಒದ್ದಿದ್ದು ನೆನಪಿದೆ. ನಿನ್ನ ಪಾಲಿನ ಹಾಸಿಗೆಗೆ ಮಾತ್ರ ಪ್ಲಾಸ್ಟಿಕ್ ಹಾಸಿದ್ದು ನೆನಪಿದೆ, ಅದು ನೀನು ಮಗ್ಗುಲಾದಾಗೆಲ್ಲ ಚರಚರ ಅನ್ನುತ್ತಿತ್ತು, ಅದಕ್ಕೂ ನಾನು ಬೈಯುತ್ತಿದ್ದೆ.

ಅತ್ತದ್ದು ಮುಚ್ಚಿಕೊಳ್ಳಲು ಏನಾದರೂ ಮಾತಾಡಬೇಕಿತ್ತು. ನಲ್ಲಿಯ ತಮಾಷೆ ಹೇಳಿದೆ. ಬಾಯಿ ತಾನಾಗಿ ಹೇಳಿಬಿಟ್ಟಿತು, ಅಭ್ಯಾಸ. ಆ ಹುಡುಗಿ ನಗಲಿಲ್ಲ. ಕೈ ತೊಳೆದುಕೊಳ್ಳುತ್ತಿದ್ದವಳು ನೀರು ನಿಲ್ಲಿಸಿ, ‘ಎಷ್ಟು ವರ್ಷದಿಂದ?’ ಅಂದಳು. ಮಗಳು ಹುಟ್ಟಿದಾಗಿನಿಂದ, ಮೂವತ್ತೊಂದು ವರ್ಷ ಅಂದೆ. ‘ಯಾರೂ ಇಲ್ಲಿಗೆ ಕಳಿಸಲಿಲ್ಲವಾ?’ ಅಂದಳು. ಆ ಕಾಲದಲ್ಲಿ ಇದೆಲ್ಲ ಎಲ್ಲಿತ್ತಮ್ಮ ಅಂದೆ. ‘ಈ ವಿಭಾಗ ಶುರುವಾಗಿ ನಲವತ್ತು ವರ್ಷ ಆಯ್ತು ಯಜಮಾನ್ರೇ’ ಅಂದಳು. ಈಗಲಾದರೂ ಕರೆದುಕೊಂಡು ಬನ್ನಿ, ವಯಸ್ಸಾಯಿತು ಅಂತ ಬಿಡಬೇಡಿ, ಪೂರ್ತಿ ವಾಸಿಯಾಗುತ್ತೆ ಅಂತ ಮಾತು ಕೊಡಲ್ಲ, ಆದರೆ ಬಹಳ ಜನಕ್ಕೆ ಬಹಳ ಕಡಿಮೆಯಾಗುತ್ತೆ ಅಂದಳು. ನಾನು ತಲೆಯಾಡಿಸಿ ಪ್ಯಾಂಟಿನ ಬೆಲ್ಟು ಕಟ್ಟಿಕೊಂಡು ಬಂದೆ.

ಬಂದು ಅಂಗಡಿ ತೆರೆಯಲಿಲ್ಲ. ನಿನ್ನ ಅಮ್ಮನ ವಿಷಯ ತಲೆಗೆ ಬಂತು. ಅವರು ಹಾಸಿಗೆ ಹಿಡಿದಾಗ ನಿನ್ನ ಅಣ್ಣ ಮೂರು ಸಲ ಹೇಳಿ ಕಳಿಸಿದ. ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ, ನಡುವೆ ಒಂದೇ ಕಡೆ ನಿಲ್ಲುತ್ತಿತ್ತು. ನೀನು ಹೊರಟು ಬಾಗಿಲಲ್ಲಿ ನಿಂತಿದ್ದೆ, ನಾಲ್ಕು ಬಟ್ಟೆ ಚೀಲದಲ್ಲಿಟ್ಟುಕೊಂಡು. ನಾನು ಯಂತ್ರದಿಂದ ಏಳಲೂ ಇಲ್ಲ, ‘ಬಸ್ಸಿನವರು ನಡುದಾರಿಯಲ್ಲಿ ಇಳಿಸಿದರೆ ನನಗೆ ಫೋನು ಮಾಡಬೇಡ’ ಅಂದೆ. ನೀನು ಚೀಲ ಕೆಳಗಿಟ್ಟೆ. ಅದಾಗಿ ಆರು ದಿನಕ್ಕೆ ಅವರು ಹೋದರು. ನೀನು ಹೋಗಲಿಲ್ಲ ಅಂತ ನಿನ್ನ ಅಣ್ಣ ಇವತ್ತಿಗೂ ಮಾತು ಬಿಟ್ಟಿದ್ದಾನೆ, ನೀನು ಕಾರಣ ಹೇಳಿಲ್ಲ, ಹೇಗೆ ಹೇಳುತ್ತೀಯ? ನಾನೂ ಹೇಳಿಲ್ಲ. ನಿನ್ನ ತವರಿನವರು ದೂರವಾದದ್ದು ನನಗೆ ಒಳಗೊಳಗೇ ಅನುಕೂಲವಾಗಿತ್ತು.

ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ, ನಾಲ್ಕು ಹಾಳೆ ಆಯಿತು. ತಪ್ಪಾಯಿತು. ಬೀಗರೆದುರು ಅಂದಿದ್ದು ತಪ್ಪಾಯಿತು. ಅಂಗಡಿಯಲ್ಲಿ ಇಪ್ಪತ್ತು ವರ್ಷ ಅಂದಿದ್ದು ತಪ್ಪಾಯಿತು. ಅಮ್ಮನ ಹತ್ತಿರ ಹೋಗದಂತೆ ಮಾಡಿದ್ದು ತಪ್ಪಾಯಿತು. ಹಾಸಿಗೆಯ ವಿಷಯ ತಪ್ಪಾಯಿತು. ನನ್ನ ಸ್ವಂತ ಕೈಬರಹ ಇದು, ಅಕ್ಷರ ಕಾಗೆ ಕಾಲಿನಂತಿದೆ, ಮಗಳಿಗೆ ತೋರಿಸಿ ಸಾಕ್ಷಿ ಹಾಕಿಸಿಕೋ. ಈಗ ನಿನ್ನ ಮಾತಿನಂತೆ ನೀನು ಬರಬೇಕು. ಪ್ಲಾಸ್ಟಿಕ್ ತೆಗೆದು ಎಸೆದಿದ್ದೇನೆ. ನಾನೀಗ ಒಂಬತ್ತನೇ ವಾರದಲ್ಲಿದ್ದೇನೆ, ದಿನಕ್ಕೆ ಒಂದು ಬಟ್ಟೆ ಸಾಕು, ನಿನ್ನೆ ಎರಡು ಸಲ ಸೀನಿದರೂ ಏನೂ ಆಗಲಿಲ್ಲ. ಮಂಗಳವಾರ ಆ ಹುಡುಗಿಯ ಹತ್ತಿರ ನಿನಗೂ ಹೆಸರು ಬರೆಸುತ್ತೇನೆ. ಮನೆಯಲ್ಲಿ ನೀನಿಲ್ಲದೆ ನನಗೆ ಬೈಯಲು ಯಾರೂ ಇಲ್ಲ, ಇದು ತಮಾಷೆಯಲ್ಲ, ನಿಜವಾಗಿ ಕಷ್ಟವಾಗಿದೆ. ಒಬ್ಬನೇ ಇರಲು ಬರುವುದಿಲ್ಲ ನನಗೆ.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು, ಅವರ ಬೂದು ಕೋಟಿನ ತೋಳು ಸರಿಮಾಡಿ ಇಟ್ಟಿದ್ದೇನೆ. ಮೊಮ್ಮಗಳ ತಲೆ ನೇವರಿಸಿ ತಾತನ ಆಶೀರ್ವಾದ ತಿಳಿಸು, ಮಗಳಿಗೂ. ನಿನ್ನ ಕಣ್ಣು ಜೋಪಾನ.

ಇಂತಿ,
ಬಾಯಿ ಕೆಟ್ಟ ನಿನ್ನ ಟೈಲರು

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅಂಚೆ ಡಬ್ಬಿ ತೆಗೆಯುವವನು ಐದಕ್ಕೆ ಬರುತ್ತಾನೆ, ಹೊತ್ತಿಲ್ಲ. ಮೇಲಿನದನ್ನು ಓದಿ ನೀನು ಹೊರಟುಬಿಡುತ್ತೀಯ, ಅದು ನನಗೆ ಗೊತ್ತು, ಹಾಗೆ ಆಗಲಿ ಅಂತಲೇ ಬರೆದಿದ್ದು. ಆದರೆ ಹೋದ ಬುಧವಾರ ಮಗಳು ಫೋನಿನಲ್ಲಿ ಮಾತಾಡುತ್ತ ಏನಕ್ಕೋ ನಕ್ಕಳು, ನಕ್ಕವಳು ‘ಅಯ್ಯೋ, ತಡಿ ಅಪ್ಪ’ ಅಂತ ಫೋನು ಇಟ್ಟು ಹೋದಳು. ಐದು ನಿಮಿಷಕ್ಕೆ ಬಂದಳು. ನಾನು ಕೇಳಿದೆ. ಮೊದಲು ಏನಿಲ್ಲ ಅಂದಳು, ಆಮೇಲೆ, ‘ಹೆತ್ತ ಮೇಲೆ ಹೆಂಗಸರಿಗೆಲ್ಲ ಇದೇ ಗತಿ, ಔಷಧಿ ಇಲ್ಲ ಅಂತ ಆಗ ಡಾಕ್ಟರಮ್ಮನೇ ಹೇಳಿದ್ದರಂತಲ್ಲಪ್ಪ, ಅಮ್ಮ ಹೇಳಿದಳು’ ಅಂದಳು. ಎರಡು ವರ್ಷದಿಂದ ಬಟ್ಟೆ ಇಟ್ಟುಕೊಂಡು ಓಡಾಡುತ್ತಿದ್ದಾಳೆ.

ಆ ಮಾತು ಡಾಕ್ಟರಮ್ಮನದಲ್ಲ, ನನ್ನದು. ಆಗ ಅವಳು ಎಂಟು ತಿಂಗಳ ಕೂಸು. ನೀನು ಪರದೆಯ ಹಿಂದೆ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದೆ, ಡಾಕ್ಟರಮ್ಮ ಚೀಟಿ ನನ್ನ ಕೈಗೆ ಕೊಟ್ಟರು. ಇದೇ ಆಸ್ಪತ್ರೆ, ಇದೇ ವಿಭಾಗ. ವಾರಕ್ಕೊಂದು ಬೆಳಿಗ್ಗೆ, ಹನ್ನೆರಡು ವಾರ. ಆ ವಾರವೇ ನನಗೆ ಶಾಲೆಯ ಸಮವಸ್ತ್ರದ ಕೆಲಸ ಬಂದಿತ್ತು, ಆರುನೂರು ಅಂಗಿ, ಗುಂಡಿ ತೂತಿಗೆ ಕಾಜಾ ಹಾಕಲು ನೀನು ಬಿಟ್ಟರೆ ಕೈ ಇರಲಿಲ್ಲ. ನೀನು ಹೊರಗೆ ಬಂದು ಏನಂದರು ಅಂತ ಕೇಳಿದೆ. ಹೆತ್ತವರಿಗೆಲ್ಲ ಇದೇ ಗತಿಯಂತೆ, ಔಷಧಿ ಇಲ್ಲವಂತೆ ಅಂತ ನಾನು ಅಂದೆ. ನೀನು ಕೂಸನ್ನು ಎತ್ತಿಕೊಂಡು ಬಂದೆ, ಮಧ್ಯಾಹ್ನದಿಂದ ಕಾಜಾ ಹಾಕಿದೆ.

ಮಗಳನ್ನು ನಾಳೆಯೇ ಕಳಿಸು, ಅವರ ಊರಿನ ಆಸ್ಪತ್ರೆಯಲ್ಲೂ ಈ ವಿಭಾಗ ಇದೆ, ವಿಚಾರಿಸಿದ್ದೇನೆ. ಜೊತೆಗೆ ನೀನೂ ಅಲ್ಲೇ ಹೆಸರು ಬರೆಸು, ಮಂಗಳವಾರ ನಾನು ಬರೆಸುವುದಿಲ್ಲ. ಡಾಕ್ಟರಮ್ಮ ಕೊಟ್ಟ ಆ ಚೀಟಿಯನ್ನು ಓದದೆ ಹರಿದು ಹಾಕಿದೆ ಅಂತ ಬರೆಯೋಣ ಅಂತ ಇಷ್ಟು ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದೆ. ಇಲ್ಲ. ಓದಿದೆ, ಎರಡು ಸಲ ಓದಿದೆ, ಆಮೇಲೆ ಹರಿದೆ.